ಜಡೆಯ ತುದಿ ಕವಲೊಡೆದಾಗ

ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಈ ಲೆಕ್ಕದಲ್ಲಿ, ಸೊಂಟ ಮುಟ್ಟುವ 75 ಸೆಂಟಿಮೀಟರ್ ಜಡೆಯ ತುದಿಯಲ್ಲಿರುವ ಕೂದಲು ನೆತ್ತಿಯಿಂದ ಹೊರಬಂದು ಐದು ವರ್ಷಗಳಾದರೂ ಆಗಿರುತ್ತವೆ. ವಾರಕ್ಕೆ ಎರಡು ಬಾರಿ ತಲೆಸ್ನಾನ ಮಾಡುವವರ ಜಡೆಯ ತುದಿ ಅಷ್ಟರಲ್ಲಿ ಐನೂರಕ್ಕೂ ಹೆಚ್ಚು ಸಲ ನೆನೆದು ಒಣಗಿರುತ್ತದೆ. ದಿನಕ್ಕೆ ಎರಡು ಸಲ ಬಾಚುವವರಾದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಬಾರಿ ಬಾಚಣಿಗೆಯ ಹಲ್ಲುಗಳ ನಡುವೆ ಹಾದುಬಂದಿರುತ್ತದೆ. ಬುಡವೂ ತುದಿಯೂ ಒಂದೇ ಎಳೆಯವಾದರೂ ಅವುಗಳ ವಯಸ್ಸು ಬೇರೆ, ಸವೆತ ಬೇರೆ. ಅಜ್ಜಿಯ ಕಾಲದ ರೇಷ್ಮೆ ಸೀರೆಯನ್ನು ಹೊಸ ಸೀರೆಯಂತೆ ಕುಕ್ಕಿ ಒಗೆಯಲು ಯಾರೂ ಹೋಗುವುದಿಲ್ಲ. ಆದರೆ ಅದೇ ಎಚ್ಚರಿಕೆಯನ್ನು ಜಡೆಯ ತುದಿಗೆ ತೋರಿಸುವವರು ಕಡಿಮೆ.

ಒಮ್ಮೆ ಸೀಳಿದ ಕೂದಲನ್ನು ಮತ್ತೆ ಕೂಡಿಸುವ ಎಣ್ಣೆಯಾಗಲಿ, ಲೇಪವಾಗಲಿ, ಸೀರಮ್ ಆಗಲಿ ಇಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡಬೇಕು. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವಂತ ಕೋಶಗಳಿರುವುದಿಲ್ಲವಾದ್ದರಿಂದ ಚರ್ಮದ ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಸೀಳಿದ್ದನ್ನು ಕತ್ತರಿಸಬೇಕು, ಸೀಳದೆ ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಮುಂದೆ ಹೇಳುವ ಎಲ್ಲವೂ ಈ ಎರಡು ಕೆಲಸಗಳಿಗೆ ಸಂಬಂಧಿಸಿದವು.

ಸೀಳುವ ಬಗೆ

ಕೂದಲಿನ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಹೊರಮೈ ಹೆಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ಕ್ಯೂಟಿಕಲ್ ಎಂದು ಕರೆಯುವ ಈ ಪದರದ ತೆಳ್ಳನೆಯ ಚಕ್ಕೆಗಳು ಒಂದರ ಮೇಲೊಂದು ಹೊದ್ದುಕೊಂಡು, ತಮ್ಮ ಅಂಚನ್ನು ತುದಿಯ ಕಡೆಗೆ ಚಾಚಿರುತ್ತವೆ. ಒಂದು ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಜಾರಿಸಿದರೆ ನುಣುಪಾಗಿಯೂ ತುದಿಯಿಂದ ಬುಡಕ್ಕೆ ಜಾರಿಸಿದರೆ ತುಸು ತರಕಲಾಗಿಯೂ ಇರುವುದು ಈ ಕಾರಣಕ್ಕೆ. ಹೊರಪದರದ ಒಳಗೆ ಕೆರಟಿನ್ ಎಂಬ ಪ್ರೋಟೀನಿನ ನಾರುಗಳು ಹಗ್ಗದ ಎಳೆಗಳಂತೆ ಉದ್ದಕ್ಕೂ ಕೂಡಿಕೊಂಡಿರುತ್ತವೆ; ಕೂದಲಿಗೆ ಬಲ ಬರುವುದು ಈ ಒಳಭಾಗದಿಂದ. ಉಜ್ಜಾಟ, ಬಿಸಿ, ಬಿಸಿಲು, ಬ್ಲೀಚ್ ಇವುಗಳಿಂದ ಹೆಂಚುಗಳು ಒಂದೊಂದಾಗಿ ಎದ್ದು ಉದುರಿಹೋದ ಮೇಲೆ ಒಳಗಿನ ನಾರುಗಳಿಗೆ ಆಸರೆ ತಪ್ಪಿ, ಹುರಿ ಬಿಚ್ಚಿದ ಹಗ್ಗದ ತುದಿಯಂತೆ ಅವು ಬೇರೆಬೇರೆಯಾಗುತ್ತವೆ. ವೈದ್ಯಕೀಯದಲ್ಲಿ ಇದಕ್ಕೆ ಟ್ರೈಕೊಪ್ಟಿಲೋಸಿಸ್ ಎಂಬ ಹೆಸರಿದೆ. ಇದು ರೋಗದ ಹೆಸರೆನ್ನುವುದಕ್ಕಿಂತ ಸವೆತದ ಹೆಸರು.

ಸೀಳುವ ಮೊದಲೇ ಕೆಲವು ಸೂಚನೆಗಳು ಕಾಣಿಸಿಕೊಳ್ಳುತ್ತವೆ. ಜಡೆಯ ತುದಿ ಉಳಿದ ಭಾಗಕ್ಕಿಂತ ಕೆಂಚಾಗುತ್ತದೆ, ಎಣ್ಣೆ ಹಚ್ಚಿದರೂ ಮಾರನೆಯ ದಿನಕ್ಕೆ ಬಿರುಸಾಗುತ್ತದೆ, ಸಿಕ್ಕುಗಳೆಲ್ಲ ಕೊನೆಯ ಒಂದು ಗೇಣಿನಲ್ಲಿಯೇ ಆಗತೊಡಗುತ್ತವೆ. ತಿಂಗಳಿಗೊಮ್ಮೆ ಬೆಳಗಿನ ಬೆಳಕಿನಲ್ಲಿ ಕುಳಿತು, ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಜಡೆಯ ತುದಿಯನ್ನು ಅದರ ಮೇಲೆ ಹರಡಿ ನೋಡುವುದು ಒಳ್ಳೆಯ ಅಭ್ಯಾಸ. ಕೆಲವು ಕೂದಲು ಎರಡಾಗಿ ಕವಲೊಡೆದಿರುತ್ತವೆ, ಕೆಲವು ಹಕ್ಕಿಯ ಗರಿಯಂತೆ ಒಂದೇ ಬದಿಗೆ ಎಳೆ ಬಿಟ್ಟಿರುತ್ತವೆ, ಇನ್ನು ಕೆಲವದರಲ್ಲಿ ಕವಲಿಲ್ಲದೆ ಬರಿಯ ಬಿಳಿ ಚುಕ್ಕೆಯಿರುತ್ತದೆ. ಆ ಚುಕ್ಕೆಯೇ ಮುಂದೆ ಮುರಿಯುವ ಜಾಗವಾದ್ದರಿಂದ ಅದನ್ನೂ ಸೀಳಿನ ಲೆಕ್ಕಕ್ಕೇ ಸೇರಿಸಬೇಕು. ನೋಡುವಾಗ ಕವಲಿನ ಎರಡು ಕಡ್ಡಿಗಳನ್ನು ಉಗುರಿನಿಂದ ಹಿಡಿದು ಎಳೆದು ಬಿಡಿಸುವ ಚಾಳಿ ಬಹಳ ಜನರಿಗಿದೆ. ಅರ್ಧ ಸೆಂಟಿಮೀಟರ್ ಇದ್ದ ಸೀಳನ್ನು ಐದು ಸೆಂಟಿಮೀಟರಿಗೆ ಏರಿಸಲು ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಕತ್ತರಿಯ ಕೆಲಸ

ಉದ್ದ ಕೂದಲಿನ ಆಸೆಯಿರುವವರು ಕತ್ತರಿಗೆ ಹೆದರುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಹೆದರಿಕೆಗೆ ಕಾರಣವಿಲ್ಲ. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಬೆಳೆಯುವ ಕೂದಲಿನಲ್ಲಿ ಮೂರು ತಿಂಗಳಿಗೊಮ್ಮೆ 1 ಸೆಂಟಿಮೀಟರ್ ಕತ್ತರಿಸಿದರೂ ವರ್ಷದ ಕೊನೆಗೆ 8ರಿಂದ 11 ಸೆಂಟಿಮೀಟರ್ ಉಳಿಯುತ್ತದೆ. ಕತ್ತರಿಸದೆ ಬಿಟ್ಟರೆ ಸೀಳು ಮೇಲೇರಿ, ತುದಿ ತಾನಾಗಿಯೇ ಮುರಿದು, ಬೆಳೆದಷ್ಟೂ ಉದುರಿಹೋಗುತ್ತದೆ. 'ಎಷ್ಟು ವರ್ಷವಾದರೂ ನನ್ನ ಕೂದಲು ಬೆನ್ನಿನಿಂದ ಕೆಳಗಿಳಿಯುವುದೇ ಇಲ್ಲ' ಎನ್ನುವವರಲ್ಲಿ ಅನೇಕರ ಸಮಸ್ಯೆ ಇದೇ ಆಗಿರುತ್ತದೆ. ಹಾಗೆಂದು ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬ ಮಾತನ್ನೂ ನಂಬಬೇಕಾಗಿಲ್ಲ. ಬೆಳವಣಿಗೆ ನೆತ್ತಿಯೊಳಗಿನ ಬೇರಿನಲ್ಲಿ ನಡೆಯುತ್ತದೆ, ತುದಿಯಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಇನ್ನು ಮಂಗಳವಾರ, ಶುಕ್ರವಾರ ಕೂದಲಿಗೆ ಕತ್ತರಿ ತಾಗಿಸಬಾರದೆನ್ನುವ ಮನೆಗಳಲ್ಲಿ ಉಳಿದ ಐದು ದಿನಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಮನೆಯಲ್ಲಿಯೇ ಮಾಡುವುದಾದರೆ ಕೂದಲು ಎಣ್ಣೆಯಿಲ್ಲದೆ, ಪೂರ್ತಿ ಒಣಗಿ, ಸಿಕ್ಕು ಬಿಡಿಸಿದ ಸ್ಥಿತಿಯಲ್ಲಿರಬೇಕು. ಕ್ಷೌರಿಕರು ಬಳಸುವಂಥ ಹರಿತವಾದ ಕತ್ತರಿಯೊಂದನ್ನು ಕೊಂಡು, ಅದನ್ನು ಹಾಲಿನ ಪೊಟ್ಟಣ, ಕಾಗದ, ಬಟ್ಟೆ ಯಾವುದಕ್ಕೂ ಮುಟ್ಟಿಸದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಮೊಂಡು ಕತ್ತರಿ ಕೂದಲನ್ನು ಕತ್ತರಿಸುವ ಬದಲು ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಹೊಸ ಸೀಳು ಹುಟ್ಟುತ್ತದೆ. ಕೂದಲನ್ನು ಆರೆಂಟು ಭಾಗಗಳಾಗಿ ಮಾಡಿ, ಒಂದೊಂದನ್ನೇ ಕೈಯಲ್ಲಿ ಹಗ್ಗದಂತೆ ಹೊಸೆದು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಮೊಟಕು ತುದಿಗಳು ಹೊರಗೆ ಚಾಚಿಕೊಳ್ಳುತ್ತವೆ. ಅವೆಲ್ಲವನ್ನೂ ಕಣ್ಣುಮುಚ್ಚಿ ಕತ್ತರಿಸಬಾರದು. ತುದಿ ಸೂಜಿಯಂತೆ ಮೊನಚಾಗಿ, ಕಪ್ಪಗೆ ಇದ್ದರೆ ಅದು ಹೊಸದಾಗಿ ಬೆಳೆಯುತ್ತಿರುವ ಕೂದಲು. ಅದನ್ನು ಹಾಗೆಯೇ ಬಿಡಬೇಕು. ಕವಲು ಅಥವಾ ಬಿಳಿ ಚುಕ್ಕೆಯಿದ್ದದ್ದನ್ನು, ಸೀಳು ಮುಗಿಯುವಲ್ಲಿಂದ ಇನ್ನೂ ಒಂದು ಸೆಂಟಿಮೀಟರ್ ಮೇಲಕ್ಕೆ, ಕತ್ತರಿಯನ್ನು ಅಡ್ಡಲಾಗಿ ಹಿಡಿದು ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ಒಳಗಿನ ನಾರು ಹೆಚ್ಚು ಅಗಲಕ್ಕೆ ತೆರೆದುಕೊಳ್ಳುತ್ತದೆ. ದಟ್ಟ ಕೂದಲಿರುವವರಿಗೆ ಈ ಕೆಲಸ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ದಿನಕ್ಕೆ ಎರಡು ಭಾಗಗಳಂತೆ ಮಾಡಿದರೂ ಆದೀತು.

ಪಾರ್ಲರಿಗೆ ಹೋಗುವವರು 'ಸ್ವಲ್ಪ ಕತ್ತರಿಸಿ' ಎಂದು ಹೇಳಿ ಕಣ್ಣುಮುಚ್ಚಿ ಕೂರಬಾರದು. ಒಂದಿಂಚು ಎಂದು ಹೇಳಿ ನಾಲ್ಕಿಂಚು ಕಳೆದುಕೊಂಡು ಮನೆಗೆ ಬಂದ ಅನುಭವ ನನಗಿದೆ. ಅಂದಿನಿಂದ ಕತ್ತರಿ ತಾಗುವ ಮೊದಲೇ ಎಷ್ಟೆಂಬುದನ್ನು ಕನ್ನಡಿಯ ಮುಂದೆ ಬೆರಳಿನಲ್ಲಿ ಅಳೆದು ತೋರಿಸುತ್ತೇನೆ. ತುದಿಯನ್ನು ನೇರವಾಗಿ ಕತ್ತರಿಸಲು ಹೇಳಬೇಕು. ಬ್ಲೇಡಿನಿಂದ ಹೆರೆಯುವುದು, ಹಲ್ಲುಗಳಿರುವ ಕತ್ತರಿಯಿಂದ ತೆಳುಮಾಡುವುದು ಬೇಡವೆನ್ನಬೇಕು. ಹಲವು ಮಟ್ಟಗಳ ಲೇಯರ್ ಕಟ್ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಜಡೆ ಹಾಕುವವರಿಗೆ ಅದು ಹೊಂದುವುದಿಲ್ಲ. ಮೋಟು ತುದಿಗಳು ಜಡೆಯ ಉದ್ದಕ್ಕೂ ಹೊರಚಾಚಿಕೊಂಡು, ಒಂದೇ ಕಡೆ ಆಗಬೇಕಿದ್ದ ಸವೆತ ಹತ್ತು ಕಡೆ ಆಗುತ್ತದೆ.

ಎಣ್ಣೆ, ಸೀಗೆ, ನೀರು

ನೀರು ಕುಡಿದ ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಉಬ್ಬು ತಗ್ಗಿನಲ್ಲಿಯೇ ಹೊರಪದರದ ಹೆಂಚುಗಳು ಸಡಿಲವಾಗುವುದರಿಂದ, ತಲೆಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ಹಳೆಯ ಪದ್ಧತಿಗೆ ಒಳ್ಳೆಯ ಅರ್ಥವಿದೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲವನ್ನು ಹೋಲಿಸಿ ನೋಡಿದಾಗ, ತೊಳೆಯುವಾಗ ಕೂದಲಿನಿಂದ ಕಳೆದುಹೋಗುವ ಪ್ರೋಟೀನನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣಗಳು ಸಣ್ಣವೂ ನೇರವೂ ಆಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲವು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಆಗಿದ್ದರೆಂಬುದನ್ನೂ ಹೇಳಬೇಕು. ಆದರೂ ಮನೆಯ ಅನುಭವಕ್ಕೆ ಹೊಂದುವ ಮಾತಿದು.

ಹಿಂದಿನ ರಾತ್ರಿಯೋ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆಯೋ ಒಂದೆರಡು ಚಮಚ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಸವರಿಕೊಂಡು, ಜಡೆಯ ಕೆಳಗಿನ ಅರ್ಧಕ್ಕೆ ಹಚ್ಚಿದರೆ ಸಾಕು. ನೆತ್ತಿಗೆ ಎಣ್ಣೆ ಒತ್ತುವುದು ಬೇರೆಯೇ ವಿಷಯ. ತುದಿಗೆ ಬೇಕಾದದ್ದು ತುದಿಗೇ ಹಚ್ಚಿದ ಎಣ್ಣೆ. ಹರಳೆಣ್ಣೆ ದಪ್ಪವಾಗಿದ್ದು, ಅದನ್ನು ಬಿಡಿಸಲು ಹೆಚ್ಚು ಉಜ್ಜಬೇಕಾಗುವುದರಿಂದ ಬಳಸಲೇಬೇಕೆನ್ನುವವರು ಅದರ ನಾಲ್ಕರಷ್ಟು ಕೊಬ್ಬರಿ ಎಣ್ಣೆಯೊಂದಿಗೆ ಬೆರೆಸಿಕೊಳ್ಳಬೇಕು. ತೊಟ್ಟಿಕ್ಕುವಷ್ಟು ಎಣ್ಣೆ ಹಚ್ಚಿ, ಆಮೇಲೆ ಅದನ್ನು ತೆಗೆಯಲು ಮೂರು ಸಲ ಶಾಂಪೂ ಹಾಕಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಸೀಗೆಕಾಯಿಯನ್ನು ನಾನು ಮೆಚ್ಚುತ್ತೇನೆ, ಆದರೆ ಪುಡಿಯ ರೂಪದಲ್ಲಿ ಅಲ್ಲ. ಅಂಗಡಿಯ ಸೀಗೆಪುಡಿಯನ್ನು ಕಲಸಿ ಜಡೆಯ ಉದ್ದಕ್ಕೂ ತಿಕ್ಕಿದಾಗ ಅದರ ತರಿ ಮರಳುಕಾಗದದಂತೆ ಕೂದಲನ್ನು ಉಜ್ಜುತ್ತದೆ, ಎಷ್ಟು ತೊಳೆದರೂ ಸಿಕ್ಕುಗಳ ನಡುವೆ ಉಳಿಯುತ್ತದೆ, ಮತ್ತೆ ಬಾಚುವಾಗ ಇನ್ನೊಮ್ಮೆ ಉಜ್ಜುತ್ತದೆ. ಕಾಯಿಗಳನ್ನು ಜಜ್ಜಿ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕುದಿಸಿ, ತೆಳುಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸಿದರೆ ಅದೇ ನೊರೆ ಸಿಗುತ್ತದೆ, ತರಿಯ ಕಾಟವಿರುವುದಿಲ್ಲ. ಪುಡಿಯೇ ಬೇಕೆಂದರೆ ಅದನ್ನು ವಸ್ತ್ರದಲ್ಲಿ ಜರಡಿ ಹಿಡಿದು ನೆತ್ತಿಗೆ ಮಾತ್ರ ಬಳಸಬೇಕು. ಮಲೆನಾಡು, ಕರಾವಳಿಗಳಲ್ಲಿ ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ತೆಗೆಯುವ ಲೋಳೆ, ಕೂದಲುಗಳ ನಡುವಿನ ಉಜ್ಜಾಟವನ್ನು ತಗ್ಗಿಸುವ ದೃಷ್ಟಿಯಿಂದ ಬಹಳ ಒಳ್ಳೆಯದು. ಅದನ್ನೂ ಸೋಸಿಯೇ ಹಚ್ಚಬೇಕು. ಮೈಗೆ ಹಚ್ಚುವ ಸೋಪು ಮಾತ್ರ ತಲೆಗೆ ಬೇಡ. ಅದು ಕ್ಷಾರೀಯವಾದದ್ದು, ಮೇಲಾಗಿ ಗಡಸು ನೀರಿನೊಂದಿಗೆ ಸೇರಿ ಕರಗದ ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ.

ಶಾಂಪೂ ಬಳಸುವವರು ಅದನ್ನು ಮಗ್ಗಿನ ನೀರಿನಲ್ಲಿ ಕದಡಿಕೊಂಡು ನೆತ್ತಿಗೆ ಹಾಕಿ, ಬೆರಳ ತುದಿಯಿಂದ ತಿಕ್ಕಬೇಕು. ತೊಳೆಯುವಾಗ ಇಳಿದುಬರುವ ನೊರೆಯೇ ಜಡೆಯ ಉಳಿದ ಭಾಗಕ್ಕೆ ಸಾಕು. ಉದ್ದ ಕೂದಲನ್ನೆಲ್ಲ ನೆತ್ತಿಯ ಮೇಲೆ ರಾಶಿ ಹಾಕಿ ಬಟ್ಟೆ ತಿಕ್ಕಿದಂತೆ ತಿಕ್ಕುವುದೇ ಅರ್ಧದಷ್ಟು ಸಿಕ್ಕುಗಳಿಗೆ ಕಾರಣ. ಕಂಡಿಷನರ್ ಇದಕ್ಕೆ ವಿರುದ್ಧವಾಗಿ, ನೆತ್ತಿಯನ್ನು ಬಿಟ್ಟು ಕೆಳಗಿನ ಭಾಗಕ್ಕೆ ಹಚ್ಚಬೇಕಾದದ್ದು. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚಾಗಿರುತ್ತದೆ, ಕಂಡಿಷನರಿನ ಕಣಗಳು ಧನ ವಿದ್ಯುದಂಶವುಳ್ಳವು. ಆದ್ದರಿಂದ ಅದು ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಗೇ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಎರಡು ಮೂರು ನಿಮಿಷ ಬಿಟ್ಟು ತೊಳೆದರೆ ಸಾಕು.

ಹಂಡೆಯ ಸುಡುನೀರು ಬೆನ್ನಿಗೆ ಹಿತವಾದರೂ ಕೂದಲಿಗೆ ಉಗುರುಬೆಚ್ಚಗಿನ ನೀರೇ ಸರಿ. ಬೆಂಗಳೂರಿನ ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನಂಥ ಗಡಸು ನೀರಿನಲ್ಲಿ ಸುಣ್ಣದ ಅಂಶ ಕೂದಲಿನ ಮೇಲೆ ಕೂತು ಅದನ್ನು ಒರಟಾಗಿಸುತ್ತದೆ. ಅಂಥ ಮನೆಗಳಲ್ಲಿ ಕೊನೆಯ ಎರಡು ಚೊಂಬು ಮಾತ್ರ ಫಿಲ್ಟರ್ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ತುದಿಯ ಮೇಲೆ ಸುರಿದುಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಅಡುಗೆ ಸೋಡ, ನೇರವಾಗಿ ಹಿಂಡಿದ ನಿಂಬೆರಸ ಇವೆರಡೂ ತುದಿಗೆ ಶತ್ರುಗಳು. ಮೊಟ್ಟೆಯ ಪ್ರೋಟೀನಿನ ಕಣ ಕೂದಲಿನೊಳಗೆ ಹೋಗಲಾರದಷ್ಟು ದೊಡ್ಡದು. ಮೊಟ್ಟೆಯನ್ನು ತಿನ್ನುವುದೇ ಉತ್ತಮ.

ಒದ್ದೆ ಕೂದಲಿನ ಜೊತೆ

ಕೂದಲು ಅತ್ಯಂತ ದುರ್ಬಲವಾಗಿರುವುದು ಒದ್ದೆಯಾಗಿರುವಾಗ. ಒಣಗಿದ್ದಾಗ ಹಿಗ್ಗುವುದಕ್ಕಿಂತ ಬಹಳ ಹೆಚ್ಚು ಆಗ ಹಿಗ್ಗುತ್ತದೆ, ಮಿತಿಮೀರಿ ಹಿಗ್ಗಿದ್ದು ಮೊದಲಿನಂತಾಗುವುದಿಲ್ಲ. ನಮ್ಮ ಮನೆಗಳಲ್ಲಿ ಸ್ನಾನವಾದ ಕೂಡಲೆ ಬಗ್ಗಿ ನಿಂತು, ತೆಳುವಾದ ಟವೆಲ್ಲಿನಿಂದ ಕೂದಲನ್ನು ಪಟಪಟನೆ ಬಡಿದು ನೀರು ಹಾರಿಸುವ ಪದ್ಧತಿಯಿದೆ. ಆ ಸದ್ದು ಕೇಳಲು ಚೆಂದ, ಆದರೆ ಪ್ರತಿ ಬಡಿತದ ಪೆಟ್ಟೂ ತುದಿಗೇ ಬೀಳುತ್ತದೆ. ಅದರ ಬದಲು ಮೆತ್ತಗಾದ ಹಳೆಯ ಪಂಚೆಯನ್ನೋ ಹತ್ತಿ ಸೀರೆಯ ತುಂಡನ್ನೋ ಸುತ್ತಿ, ತಿರುಚದೆ, ಮೃದುವಾಗಿ ಅದುಮಿ ನೀರು ಹೀರಿಸಬೇಕು. ಕುಣಿಕೆಗಳಿರುವ ಟರ್ಕಿ ಟವೆಲ್ಲಿಗಿಂತ ಇದು ಎಷ್ಟೋ ಮೇಲು. ಧೂಪ ಹಿಡಿಯುವವರು ಕೆಂಡದಿಂದ ದೂರವಿರಬೇಕು. ಹೇರ್ ಡ್ರೈಯರ್ ಬಳಸುವುದು ಅನಿವಾರ್ಯವಾದರೆ 15 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಬಳಸಬೇಕು. ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಮಾತ್ರ ಎಂದಿಗೂ ಕೂಡದು. ಕೂದಲಿನೊಳಗಿನ ನೀರು ಅಲ್ಲಿಯೇ ಆವಿಯಾಗಿ, ಎಳೆಯ ಒಳಗೆ ಗುಳ್ಳೆಗಳೆದ್ದು, ಆ ಜಾಗದಲ್ಲಿ ಕೂದಲು ಕಡ್ಡಿಯಂತೆ ಮುರಿಯುತ್ತದೆ.

ಬಾಚುವುದಕ್ಕೆ ಕೂದಲು ಮುಕ್ಕಾಲು ಭಾಗವಾದರೂ ಒಣಗುವವರೆಗೆ ಕಾಯಬೇಕು. ಗುಂಗುರು ಕೂದಲಿನವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ: ಒಣಗಿದ ಗುಂಗುರನ್ನು ಬಾಚಿದರೆ ಹೆಚ್ಚು ಮುರಿಯುವುದರಿಂದ ಅವರು ಕಂಡಿಷನರೋ ಲೋಳೆಯೋ ಇರುವಾಗಲೇ ಬೆರಳುಗಳಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿಕೊಳ್ಳಬೇಕು. ಯಾರೇ ಆದರೂ ಬಾಚುವುದನ್ನು ತುದಿಯಿಂದ ಆರಂಭಿಸಬೇಕು. ಕೊನೆಯ ಒಂದು ಗೇಣನ್ನು ಮೊದಲು ಬಿಡಿಸಿ, ಆಮೇಲೆ ಅದರ ಮೇಲಿನ ಗೇಣು, ಹೀಗೆ ಬುಡದವರೆಗೆ ಏರುತ್ತ ಹೋಗಬೇಕು. ಬಿಡಿಸುವ ಜಾಗದ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ನೆತ್ತಿಗೂ ನೋವಾಗುವುದಿಲ್ಲ. ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ನೆತ್ತಿಯಿಂದ ಒಂದೇ ಎಳೆತಕ್ಕೆ ಬಾಚಿದಾಗ ಸಿಕ್ಕುಗಳೆಲ್ಲ ಒಟ್ಟಾಗಿ ತುದಿಯಲ್ಲಿ ಗಂಟಾಗುತ್ತವೆ, ಮಗುವೂ ಅಳುತ್ತದೆ. ಸೀರಣಿಗೆ ಹೇನಿಗಷ್ಟೇ ಇರಲಿ.

ಕಟ್ಟುವುದು, ಬಿಚ್ಚುವುದು

ಸಡಿಲವಾಗಿ ಹೆಣೆದ ಜಡೆಯಷ್ಟು ತುದಿಯನ್ನು ಕಾಯುವ ಕೇಶವಿನ್ಯಾಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಸ್ಕೂಟರಿನ ಮೇಲೆ, ಬಸ್ಸಿನ ಕಿಟಕಿಯ ಪಕ್ಕದಲ್ಲಿ ಬಿಟ್ಟ ಕೂದಲು ಅರ್ಧ ಗಂಟೆಯಲ್ಲಿ ಪಡುವ ಪಾಡು ಒಂದು ವಾರದ ಬಾಚಣಿಗೆಗಿಂತ ಹೆಚ್ಚು. ಪ್ರಯಾಣದಲ್ಲಿ ಜಡೆ ಹಾಕಿ, ಅದನ್ನು ಮೇಲಕ್ಕೆ ಮಡಿಚಿಯೋ ತುರುಬು ಕಟ್ಟಿಯೋ ತುದಿಯನ್ನು ಒಳಗೆ ಸೇರಿಸಬೇಕು. ರಾತ್ರಿ ಮಲಗುವಾಗಲೂ ಸಡಿಲವಾದ ಜಡೆ ಒಳ್ಳೆಯದು, ನುಣುಪಾದ ದಿಂಬಿನ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು. ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆಯಬಾರದು. ಪೊಟ್ಟಣಗಳಿಗೆ ಹಾಕುವ ಬರಿಯ ರಬ್ಬರ್ ಬ್ಯಾಂಡನ್ನು ಜಡೆಗೆ ಸುತ್ತಿದರೆ ಬಿಚ್ಚುವಾಗ ಅದು ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಬಟ್ಟೆ ಸುತ್ತಿದ ಬ್ಯಾಂಡ್ ಅಥವಾ ಹಳೆಯ ರಿಬ್ಬನ್ ಸಾಕು. ದಿನವೂ ಒಂದೇ ಜಾಗಕ್ಕೆ ಕಟ್ಟಿದರೆ ಕೂದಲು ಅಲ್ಲಿಯೇ ಸವೆಯುವುದರಿಂದ ಕಟ್ಟುವ ಜಾಗವನ್ನು ಆಗಾಗ ಒಂದೆರಡು ಬೆರಳಗಲ ಬದಲಿಸುತ್ತಿರಬೇಕು.

ಮದುವೆ, ಸೀಮಂತಗಳಲ್ಲಿ ಮೊಗ್ಗಿನ ಜಡೆ ಹಾಕಿಸಿಕೊಂಡವರು ಬಿಚ್ಚುವಾಗ ತಾಳ್ಮೆ ತೋರಬೇಕು. ದಾರದ ಗಂಟುಗಳನ್ನು ಒಂದೊಂದಾಗಿ ಹುಡುಕಿ ಕತ್ತರಿಸಿ, ಹೂವು, ಪಿನ್ನು, ಕುಚ್ಚುಗಳನ್ನೆಲ್ಲ ತೆಗೆದ ಮೇಲೆ ಕೊಬ್ಬರಿ ಎಣ್ಣೆ ಸವರಿ ಬೆರಳಿನಿಂದಲೇ ಸಿಕ್ಕು ಬಿಡಿಸಬೇಕು. ಸುಸ್ತಾದ ರಾತ್ರಿಯಲ್ಲಿ ಎಳೆದು ಬಿಚ್ಚುವ ಬದಲು ಹಾಗೆಯೇ ಮಲಗಿ ಬೆಳಿಗ್ಗೆ ಬಿಚ್ಚುವುದು ವಾಸಿ.

ಬಣ್ಣ, ಸ್ಮೂತನಿಂಗ್, ಸೀರಮ್

ಬ್ಲೀಚ್ ಮಾಡಿ ಬಣ್ಣ ಹಾಕಿದಾಗ ಕೂದಲಿನ ಮೇಲ್ಮೈಗೆ ಅಂಟಿಕೊಂಡಿರುವ ಸಹಜ ಕೊಬ್ಬಿನ ತೆಳುಪದರ ಹೋಗಿಬಿಡುತ್ತದೆ, ಹೋದದ್ದು ಮರಳುವುದಿಲ್ಲ. ಉದ್ದ ಕೂದಲು ಬೇಕೆನ್ನುವವರು ಬ್ಲೀಚ್ ಮತ್ತು ಸ್ಮೂತನಿಂಗ್ ಎರಡನ್ನೂ ಒಂದೇ ಕೂದಲಿಗೆ ಮಾಡಿಸಬಾರದು. ಬಣ್ಣ ಹಚ್ಚುವುದಾದರೆ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚಿ, ಪ್ರತಿ ಸಲವೂ ತುದಿಯವರೆಗೆ ಎಳೆಯದಿರಬೇಕು. ಶುದ್ಧ ಮದರಂಗಿಯ ಬಣ್ಣ ಕೆರಟಿನ್‌ಗೆ ಅಂಟಿಕೊಳ್ಳುತ್ತದೆ, ಹಾನಿ ಕಡಿಮೆ, ಆದರೆ ತಿಂಗಳು ತಿಂಗಳು ಇಡೀ ಜಡೆಗೆ ಮೆತ್ತಿದರೆ ತುದಿ ಒಣಗಿ ಬಿರುಸಾಗುತ್ತದೆ. ಸೀಳು ಕೂಡಿಸುತ್ತೇವೆನ್ನುವ ಸೀರಮ್‌ಗಳಲ್ಲಿ ಬಹುಪಾಲು ಸಿಲಿಕೋನ್‌ನದು. ಅದು ಕವಲುಗಳ ಮೇಲೆ ನುಣುಪಾದ ಲೇಪವಾಗಿ ಕೂತು ಮುಂದಿನ ತಲೆಸ್ನಾನದವರೆಗೆ ಸೀಳನ್ನು ಮರೆಮಾಡುತ್ತದೆ. ಇದು ಮೋಸವೆಂದು ನಾನು ಹೇಳುವುದಿಲ್ಲ. ಉಜ್ಜಾಟ ತಗ್ಗುವುದರಿಂದ ಇನ್ನೂ ಸೀಳದ ಕೂದಲಿಗೆ ಅದರಿಂದ ನಿಜವಾದ ರಕ್ಷಣೆ ಸಿಗುತ್ತದೆ. ಎರಡು ಹನಿ ಸಾಕು, ಅದೂ ತುದಿಗೆ ಮಾತ್ರ.

ಇಷ್ಟೆಲ್ಲ ಎಚ್ಚರ ವಹಿಸಿಯೂ ಕೂದಲು ಮುರಿಯುತ್ತಲೇ ಇದ್ದರೆ, ಅದರಲ್ಲಿಯೂ ತುದಿಯ ಬದಲು ನೆತ್ತಿಗೆ ಹತ್ತಿರದಲ್ಲಿ ಮುರಿಯುತ್ತಿದ್ದರೆ, ಅಥವಾ ಎಳೆಯ ಉದ್ದಕ್ಕೂ ಬಿಳಿ ಗಂಟುಗಳು ಕಾಣಿಸಿದರೆ ಚರ್ಮವೈದ್ಯರನ್ನು ನೋಡಬೇಕು. ಥೈರಾಯ್ಡ್ ಗ್ರಂಥಿಯ ಕೊರತೆಯಲ್ಲಿ ಕೂದಲು ಒಣಗಿ ಒರಟಾಗುತ್ತದೆ. ರಕ್ತಹೀನತೆಯಿದ್ದಾಗ ಉದುರುವುದೂ ಹೆಚ್ಚುತ್ತದೆ. ಹೋಗುವ ಮುಂಚೆ ಎರಡು ಮೂರು ದಿನ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಒಂದು ಬಿಳಿ ಕಾಗದದಲ್ಲಿ ಮಡಿಚಿಟ್ಟುಕೊಂಡು ಒಯ್ಯಬಹುದು. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬೇರಿನಿಂದ ಉದುರಿದ ಕೂದಲು, ಗುಂಡಿಲ್ಲದೆ ಮೋಟಾಗಿದ್ದರೆ ನಡುವೆ ಮುರಿದದ್ದು. ಎರಡಕ್ಕೂ ಚಿಕಿತ್ಸೆ ಬೇರೆಬೇರೆಯಾದ್ದರಿಂದ ವೈದ್ಯರು ಮೊದಲು ತಿಳಿಯಬಯಸುವುದು ಅದನ್ನೇ.